ಆಂಗ್ಲ ಕುಲೀನ ಸ್ತ್ರೀಯರ ವಿವಾಹ ಮತ್ತು ಆಸ್ತಿ

ಆಂಗ್ಲರ ಅರಮನೆಗಳ ಕಥೆಗಳನ್ನು ಓದುವಾಗ ಅಲ್ಲಿಯ ಸ್ತ್ರೀಯರು ಸರ್ವಸ್ವತಂತ್ರರಾಗಿದ್ದರೆಂಬ ಭಾವನೆ ಮೂಡುವುದು ಸಹಜ. ಲಿಂಗಸುಗೂರಿನಲ್ಲಿ ಸೈನ್ಯದ ಛಾವಣಿ ಇದ್ದ ಕಾಲದಲ್ಲಿ ದೊರೆಸಾನಿಯರನ್ನು ಕಂಡ ನಮ್ಮ ಹಿರಿಯರಿಗೂ ಹಾಗೆಯೇ ತೋರಿರಬೇಕು. ಆದರೆ ಇತಿಹಾಸವು ಹೇಳುವುದೇ ಬೇರೆ.

ಇಂಗ್ಲೆಂಡಿನ ಕುಲೀನ ಮನೆತನಗಳಲ್ಲಿ ಜಮೀನು, ಬಿರುದು ಎರಡೂ ಸಾಮಾನ್ಯವಾಗಿ ಹಿರಿಯ ಮಗನಿಗೆ ಸಲ್ಲುತ್ತಿದ್ದವು. ಮಗಳಿಗೆ ದೊರೆಯುತ್ತಿದ್ದುದು ಮದುವೆಯಲ್ಲಿ ಕೊಡುವ ಹಣ ಮಾತ್ರ. ಮದುವೆಯಾದೊಡನೆ ಆ ಹಣವೂ ಕಾನೂನಿನ ಪ್ರಕಾರ ಗಂಡನ ಸ್ವತ್ತು. ಹೆಂಡತಿಗೆ ಭೂಮಿ ಇದ್ದರೆ ಅದರ ಆದಾಯ ಅವನ ಕೈಗೆ. ಸಿರಿವಂತ ತಂದೆಯರು ಮಾತ್ರ ವಕೀಲರಿಂದ ಕರಾರು ಬರೆಯಿಸಿ, ಮಗಳ ಪಾಲನ್ನು ನಂಬಿಕಸ್ಥರ ವಶದಲ್ಲಿಟ್ಟು ಕಾಪಾಡುತ್ತಿದ್ದರು.

ಕನ್ನಡ ನಾಡನ್ನು ಕಂಡು ಹೋದ ಒಬ್ಬ ಮಹಿಳೆಯ ಬಾಳು ಇದಕ್ಕೆ ನಿದರ್ಶನ. ಹೆನ್ರಿಯೆಟ್ಟಾ ಹರ್ಬರ್ಟಳು ಪೋವಿಸ್ ಎಂಬ ಪ್ರಭುಮನೆತನದ ಮಗಳು. ಮನೆತನಕ್ಕೆ ಹೆಸರಿತ್ತು, ಸಾಲವೂ ಇತ್ತು. 1784ರಲ್ಲಿ ಆಕೆಯ ವಿವಾಹವು ಎಡ್ವರ್ಡ್ ಕ್ಲೈವನೊಡನೆ ನಡೆಯಿತು. ಇವನು ಭಾರತದಲ್ಲಿ ಅಪಾರ ಹಣ ಗಳಿಸಿದ್ದ ರಾಬರ್ಟ್ ಕ್ಲೈವನ ಮಗ. ಹಳೆಯ ಹೆಸರಿಗೂ ಹೊಸ ಹಣಕ್ಕೂ ಹೀಗೆ ಗಂಟುಬಿತ್ತು. ಗಂಡನು ಮದರಾಸಿನ ಗವರ್ನರನಾಗಿದ್ದಾಗ, 1800ರಲ್ಲಿ, ಆಕೆ ಇಬ್ಬರು ಹೆಣ್ಣುಮಕ್ಕಳೊಡನೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿದಳು. 1801ರಲ್ಲಿ ಅವಳ ಅಣ್ಣ ಅವಿವಾಹಿತನಾಗಿಯೇ ತೀರಿಕೊಂಡನು. ತವರಿನ ಬಿರುದು 1804ರಲ್ಲಿ ಹೊಸದಾಗಿ ಸಂದುದು ಯಾರಿಗೆ? ಮನೆಮಗಳಿಗಲ್ಲ, ಅವಳ ಗಂಡನಿಗೆ! ಹಿರಿಯ ಮಗನು ತವರಿನ ಆಸ್ತಿಗಾಗಿ 1807ರಲ್ಲಿ ಕ್ಲೈವ್ ಹೆಸರನ್ನು ಬಿಟ್ಟು ಹರ್ಬರ್ಟ್ ಎನಿಸಿಕೊಂಡನು. ಆಸ್ತಿಯು ಹೆಣ್ಣಿನ ಮೂಲಕ ಹರಿಯಿತೇ ಹೊರತು ಹೆಣ್ಣಿನ ಬಳಿ ನಿಲ್ಲಲಿಲ್ಲ.

1870ರ ಕಾನೂನು ಮದುವೆಯಾದ ಸ್ತ್ರೀಗೆ ತನ್ನ ದುಡಿಮೆಯ ಹಣವನ್ನು ಉಳಿಸಿಕೊಟ್ಟಿತು. ತನ್ನ ಆಸ್ತಿಯನ್ನು ತನ್ನದೇ ಎಂದು ಇಟ್ಟುಕೊಳ್ಳುವ ಹಕ್ಕು ಬಂದುದು 1882ರ ಕಾನೂನಿನಿಂದ.

ಹೆಣ್ಣಿನದು ಹೆಣ್ಣಿನ ಹೆಸರಿನಲ್ಲೇ ಇರಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. 1915ರಲ್ಲಿ ದೊರೆತ ನಮ್ಮ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಇದೆಯಷ್ಟೆ. ಅದೇ ಅಶೋಕನು ಪ್ರಯಾಗದ ಸ್ತಂಭಶಾಸನದಲ್ಲಿ, ಎರಡನೆಯ ರಾಣಿ ಕಾರುವಾಕಿಯು ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆಗಳನ್ನು ಆಕೆಯ ಕೊಡುಗೆಯೆಂದೇ ಎಣಿಸಬೇಕೆಂದು ಅಪ್ಪಣೆ ಮಾಡಿದ್ದಾನೆ.

ಆದರೆ ಇಷ್ಟಕ್ಕೇ ನಾವು ಬೀಗಬೇಕಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಆದರೂ ತುಂಗಭದ್ರೆಯ ಕಾಲುವೆಯಿಂದ ಹೊಲಕ್ಕೆ ಬೆಲೆ ಬಂದಿರುವ ಸಿಂಧನೂರಿನಂಥ ಸೀಮೆಯಲ್ಲಿ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುವ ಅಕ್ಕತಂಗಿಯರು ಇಲ್ಲವೆನ್ನಲಾದೀತೆ? ಕಾನೂನು ಕೊಟ್ಟುದನ್ನು ಮುಲಾಜು ಕಸಿದುಕೊಳ್ಳಬಾರದು. ವಿದ್ಯಾವಂತ ಸೋದರಿಯರು ಲಗ್ನಪತ್ರಿಕೆಯಷ್ಟೇ ಲಕ್ಷ್ಯದಿಂದ ಪಹಣಿಯನ್ನೂ ಓದಲಿ. ಸೋದರರು ಅದನ್ನು ತಾವಾಗಿಯೇ ಅವರ ಕೈಗೆ ಕೊಡಲಿ.