ಸೈನಿಕ ಪೂರ್ವಜರ ಲಾಡ್ಜ್ ಸದಸ್ಯತ್ವ: ಶೋಧನೆಯ ಮಾರ್ಗ ಮತ್ತು ಪ್ರಮಾಣವಿಚಾರ

ಇಂಡಿಯಾದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಸೈನಿಕರ ವಂಶಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಆಗಾಗ ಒಂದು ಬಗೆಯ ಕೌಟುಂಬಿಕ ಐತಿಹ್ಯ ಎದುರಾಗುತ್ತದೆ. ತಮ್ಮ ಪೂರ್ವಜನು ಯಾವುದೋ ರೆಜಿಮೆಂಟಿನಲ್ಲಿ ಸಾರ್ಜೆಂಟನಾಗಿದ್ದನೆಂದೂ, ಫ್ರೀಮೇಸನ್ ಸಂಘದ ಸದಸ್ಯನಾಗಿದ್ದನೆಂದೂ ಮನೆಯವರು ಹೇಳುತ್ತಾರೆ. ಸಾಕ್ಷಿಯಾಗಿ ಹಳೆಯ ಪದಕವೊಂದನ್ನು ತೋರಿಸುತ್ತಾರೆ. ಇಂಥ ಹೇಳಿಕೆಯನ್ನು ಪರೀಕ್ಷಿಸದೆ ನಂಬುವುದೂ, ಪರೀಕ್ಷಿಸದೆ ತಳ್ಳಿಹಾಕುವುದೂ ಸಮಾನವಾಗಿ ಅಶಾಸ್ತ್ರೀಯ. ಪರೀಕ್ಷೆಯ ಮಾರ್ಗವೇನು, ದೊರೆತ ದಾಖಲೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕನ್ನಡನಾಡಿನ ಚರಿತ್ರೆಗೆ ಸಂಬಂಧಿಸಿದ ಒಂದು ನಿದರ್ಶನವನ್ನು ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಅಲ್ಲಿಯ ಸೇನಾಧಿಪತ್ಯವನ್ನು ವಹಿಸಿಕೊಂಡವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ನಿನ ಡ್ಯೂಕನೆಂದು ಪ್ರಸಿದ್ಧನಾದವನು. ಅವನ ತಂದೆ 1776ರಲ್ಲಿಯೂ, ಅಣ್ಣ ರಿಚರ್ಡನು 1782ರಲ್ಲಿಯೂ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಗ್ರ್ಯಾಂಡ್ ಮಾಸ್ಟರರಾಗಿದ್ದರು. ಆರ್ಥರನು 1790ರ ಡಿಸೆಂಬರ್ 7ರಂದು ಟ್ರಿಮ್ ಊರಿನ 494ನೆಯ ಲಾಡ್ಜಿನಲ್ಲಿ ದೀಕ್ಷೆ ಪಡೆದನೆಂಬುದು ಆ ಲಾಡ್ಜಿನ ದಾಖಲೆಗಳಿಂದ ವ್ಯಕ್ತವಾಗುತ್ತದೆ. 1838ರ ಪತ್ರವೊಂದರಲ್ಲಿ ಅವನೇ ಇದನ್ನು ಒಪ್ಪಿಕೊಂಡಿದ್ದಾನೆ. ಆದರೆ 1851ರಲ್ಲಿ ಬರೆದ ಇನ್ನೊಂದು ಪತ್ರದಲ್ಲಿ, ತಾನು ಫ್ರೀಮೇಸನ್ನನಾಗಿ ಸೇರಿದ ನೆನಪೇ ಇಲ್ಲವೆಂದಿದ್ದಾನೆ. ಸ್ವತಃ ಸದಸ್ಯನ ಮಾತೇ ಹೀಗೆ ಕಾಲಾಂತರದಲ್ಲಿ ಬದಲಾಗುವುದಾದರೆ, ನಾಲ್ಕು ತಲೆಮಾರು ದಾಟಿ ಬಂದ ಮನೆಮಾತಿಗೆ ಸಮಕಾಲೀನ ದಾಖಲೆಯ ಆಧಾರವನ್ನು ಕೇಳುವುದು ತಪ್ಪಲ್ಲ.

ಲಂಡನ್ನಿನ ಗ್ರ್ಯಾಂಡ್ ಲಾಡ್ಜು 1717ರಲ್ಲಿಯೂ, ಐರ್ಲೆಂಡಿನದು 1725ರಲ್ಲಿಯೂ, ಸ್ಕಾಟ್ಲೆಂಡಿನದು 1736ರಲ್ಲಿಯೂ ಸ್ಥಾಪಿತವಾದುವು. 1732ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜು ರೆಜಿಮೆಂಟೊಂದಕ್ಕೆ ಸಂಚಾರಿ ಸನ್ನದನ್ನು ನೀಡಿತು; ಉಳಿದೆರಡೂ ಮುಂದೆ ಇದೇ ಕ್ರಮವನ್ನು ಅನುಸರಿಸಿದುವು. ಇಂಥ ಲಾಡ್ಜಿಗೆ ಸ್ಥಿರವಾದ ನೆಲೆಯಿಲ್ಲ. ಪಡೆಯು ಹೋದಲ್ಲಿಗೆ ಸನ್ನದೂ ಹೋಗುತ್ತದೆ. ಆದುದರಿಂದ ಸಂಶೋಧಕನು ಊರಿನ ಹೆಸರಿನಿಂದ ಹೊರಡದೆ ರೆಜಿಮೆಂಟಿನ ಹೆಸರಿನಿಂದ ಹೊರಡಬೇಕು. ಬೆಂಗಳೂರಿನ ದಂಡಿನಲ್ಲಿದ್ದ ಸೈನಿಕನ ಹೆಸರು ಡಬ್ಲಿನ್ನಿನ ರಿಜಿಸ್ಟರಿನಲ್ಲಿ ದೊರೆಯಬಹುದು.

ರೆಜಿಮೆಂಟು ಯಾವುದೆಂಬುದು ಸೇವಾದಾಖಲೆಯಿಂದ ತಿಳಿಯುತ್ತದೆ. ರಾಜಸೈನ್ಯದ ಸಿಪಾಯಿಗಳ ಬಿಡುಗಡೆಯ ಪತ್ರಗಳೂ ಹಾಜರಿಪಟ್ಟಿಗಳೂ ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಈ ಎರಡು ಸೈನ್ಯಗಳ ಭೇದವನ್ನು ಗಮನಿಸದೆ ಹುಡುಕಿದರೆ ಶ್ರಮ ವ್ಯರ್ಥ. ಅನಂತರ ಆ ರೆಜಿಮೆಂಟಿಗೆ ಯಾವ ಯಾವ ಸನ್ನದುಗಳಿದ್ದುವೆಂಬುದನ್ನು ಗೊತ್ತುಪಡಿಸಬೇಕು. ಇಂಗ್ಲೆಂಡಿನ ಲಾಡ್ಜುಗಳ ಮಟ್ಟಿಗೆ ಜಾನ್ ಲೇನನು ಸಿದ್ಧಪಡಿಸಿದ ಪಟ್ಟಿ ಉಪಯುಕ್ತವಾಗಿದೆ. ಕೊನೆಯದಾಗಿ ಸದಸ್ಯರ ರಿಜಿಸ್ಟರುಗಳು: ಇಂಗ್ಲೆಂಡಿನ 1751ರಿಂದ 1921ರವರೆಗಿನ ರಿಜಿಸ್ಟರುಗಳೂ ಐರ್ಲೆಂಡಿನವೂ ಈಗ ಅಂತರ್ಜಾಲದಲ್ಲಿ ಲಭ್ಯವಾಗಿರುವುದರಿಂದ, ಇಲ್ಲಿಯೇ ಕುಳಿತು ನೋಡಬಹುದಾಗಿದೆ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಒಂದನೆಯದು ಸಂಖ್ಯೆಗೆ ಸಂಬಂಧಿಸಿದುದು. ಇಂಗ್ಲೆಂಡಿನಲ್ಲಿ ಲಾಡ್ಜುಗಳ ಕ್ರಮಾಂಕವನ್ನು ಹಲವು ಸಾರಿ ಬದಲಾಯಿಸಲಾಯಿತು. ಕೊನೆಯ ಬದಲಾವಣೆ ನಡೆದುದು 1863ರಲ್ಲಿ. 1813ರವರೆಗೆ ಅಲ್ಲಿ ಪರಸ್ಪರ ಸ್ಪರ್ಧಿಗಳಾದ ಎರಡು ಗ್ರ್ಯಾಂಡ್ ಲಾಡ್ಜುಗಳಿದ್ದುವು. ಐರ್ಲೆಂಡಿನಲ್ಲಿಯಾದರೋ ನಿಂತುಹೋದ ಲಾಡ್ಜಿನ ಸಂಖ್ಯೆಯನ್ನು ಬೇರೊಂದಕ್ಕೆ ಕೊಡುವುದೂ ಉಂಟು. ವರ್ಷವನ್ನು ನಮೂದಿಸದ ಸಂಖ್ಯೆ ದಾರಿತಪ್ಪಿಸುತ್ತದೆ. ಎರಡನೆಯದು ಹೆಸರಿನ ಸಾಮ್ಯ. ಜಾನ್ ಸ್ಮಿತ್ ಎಂಬ ಹೆಸರಿನವರು ಒಂದೇ ಪಡೆಯಲ್ಲಿ ಹಲವರಿರಬಹುದು. ದೀಕ್ಷೆಯ ದಿನ ಆ ವ್ಯಕ್ತಿ ಅದೇ ಸ್ಥಳದಲ್ಲಿದ್ದನೇ ಎಂಬುದನ್ನು ಹಾಜರಿಪಟ್ಟಿಯೊಡನೆ ತಾಳೆನೋಡಬೇಕು. ದರ್ಜೆಯೂ ಇಲ್ಲಿ ನೆರವಾಗುತ್ತದೆ: ಇಂಗ್ಲೆಂಡಿನ 1815ರ ನಿಯಮಾವಳಿಯಂತೆ ಸೈನಿಕ ಲಾಡ್ಜುಗಳು ಕಾರ್ಪೊರಲ್ಲನಿಗಿಂತ ಕೆಳಗಿನವರನ್ನು, ಪರಿಚಾರಕ ಸದಸ್ಯರನ್ನಾಗಿ ಅಥವಾ ವಿಶೇಷಾನುಮತಿಯಿಂದ ಹೊರತು, ಸೇರಿಸಿಕೊಳ್ಳುವಂತಿರಲಿಲ್ಲ. ಮೂರನೆಯದು ಪದಕದ ವಿಷಯ. ಆಡ್‌ಫೆಲೋಸ್ ಮೊದಲಾದ ಇತರ ಸೋದರಸಂಘಗಳಲ್ಲಿಯೂ ಪದಕಗಳೂ ಲಾಂಛನಗಳೂ ಇದ್ದುವು. ಮನೆಯಲ್ಲಿರುವ ವಸ್ತು ಯಾವ ಸಂಘದ್ದೆಂದು ನಿರ್ಧರಿಸುವ ಮುನ್ನ ಫ್ರೀಮೇಸನ್ ರಿಜಿಸ್ಟರುಗಳಲ್ಲಿ ಹುಡುಕಹೊರಡುವುದು ಆತುರವೇ ಸರಿ.

ಹೆಸರು ಸಿಕ್ಕದೆ ಹೋದರೆ ಸದಸ್ಯತ್ವವೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ದೂರದೇಶದಲ್ಲಿದ್ದ ಲಾಡ್ಜುಗಳು ಕೇಂದ್ರಕ್ಕೆ ವರದಿ ಕಳುಹಿಸುವುದರಲ್ಲಿ ಕ್ರಮಬದ್ಧವಾಗಿರಲಿಲ್ಲ. ಆದರೆ ಮೌನಕ್ಕೆ ಬೇರೆ ಅರ್ಥವಿರುವ ಸಂದರ್ಭಗಳೂ ಉಂಟು. ಸೋದರತ್ವವನ್ನು ಸಾರುತ್ತಿದ್ದ ಈ ಸಂಸ್ಥೆ ಭಾರತೀಯರನ್ನು ಬಹುಕಾಲ ಹೊರಗಿರಿಸಿತು. ಮುಂಬಯಿಯಲ್ಲಿ ಪ್ರವೇಶ ದೊರೆಯದ ಪಾರ್ಸಿ ಗೃಹಸ್ಥ ಮಾಣೆಕ್‌ಜೀ ಕರ್ಸೆಟ್‌ಜೀ ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆಯಬೇಕಾಯಿತು; ಭಾರತೀಯರಿಗಾಗಿ ಅಲ್ಲಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜು ಸ್ಥಾಪಿತವಾದುದು 1843ರಲ್ಲಿ. ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು 1863ರಲ್ಲಿ ಮಾಡಿದ ಮನವಿ ಫಲಿಸಿದುದು 1872ರಲ್ಲಿ. ಭಾರತದ ಸ್ವಂತ ಗ್ರ್ಯಾಂಡ್ ಲಾಡ್ಜು ಉದಯಿಸಿದುದು 1961ರ ನವೆಂಬರಿನಲ್ಲಿ. ಆದುದರಿಂದ ಮದರಾಸು ಸೈನ್ಯದ ಭಾರತೀಯ ಸಿಪಾಯಿಯ ಹೆಸರು ಹತ್ತೊಂಬತ್ತನೆಯ ಶತಮಾನದ ಆದಿಯ ರಿಜಿಸ್ಟರಿನಲ್ಲಿ ಕಾಣದಿದ್ದರೆ ಅದು ಲೇಖಕನ ಅಲಕ್ಷ್ಯವೆನ್ನಲು ಬರುವುದಿಲ್ಲ. ಬಾಗಿಲು ಮುಚ್ಚಿತ್ತೆಂಬುದೇ ಅದರ ಅರ್ಥ.

ಹೀಗೆ ಒಂದು ಸದಸ್ಯಪಟ್ಟಿಯು ಯಾರು ಒಳಗಿದ್ದರೆಂಬುದನ್ನು ಮಾತ್ರವಲ್ಲದೆ ಯಾರು ಹೊರಗಿದ್ದರೆಂಬುದನ್ನೂ ತಿಳಿಸುತ್ತದೆ. ವಂಶಾಭಿಮಾನದಿಂದ ಹುಡುಕಾಟಕ್ಕೆ ಹೊರಟವನಿಗೆ ಮೊದಲನೆಯದಷ್ಟೇ ಸಾಕೆನಿಸಬಹುದು. ಚರಿತ್ರೆಯ ವಿದ್ಯಾರ್ಥಿಗೆ ಎರಡೂ ಬೇಕು.