ಜಿಮ್‌ನ ಪಂದ್ಯಕ್ಕೆ ನೀವೂ ಹೆಸರು ಕೊಡಿ

"ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತಕ್ಕೆ ಹಾಸಿಗೆ ಕಾಣೋದು. ಇಷ್ಟು ದುಡಿಯೋರಿಗೆ ಬೇರೆ ವ್ಯಾಯಾಮ ಯಾಕ್ರೀ?"

ಈ ಮಾತು ಆಡದ ಗೃಹಿಣಿ ಯಾರಿದ್ದಾರೆ? ದುಡಿಮೆ ನಿಜ, ದಣಿವೂ ನಿಜ. ಆದರೆ ದಣಿವು ಬೇರೆ, ಶಕ್ತಿ ಬೇರೆ. ನಮ್ಮ ಅಜ್ಜಿಯರು ಬಾವಿಯಿಂದ ನೀರು ಸೇದುತ್ತಿದ್ದರು, ಒನಕೆ ಹಿಡಿದು ಕುಟ್ಟುತ್ತಿದ್ದರು, ಒರಳಿನ ಮುಂದೆ ಕುಳಿತು ರುಬ್ಬುತ್ತಿದ್ದರು. ದಿನಕ್ಕೆ ಹತ್ತಾರು ಬಾರಿ ನೆಲದಲ್ಲಿ ಕುಳಿತು ಏಳುತ್ತಿದ್ದರು. ಈಗ ನಲ್ಲಿ ಬಂದಿದೆ, ಮಿಕ್ಸಿ ಬಂದಿದೆ, ಅಡಿಗೆ ಕಟ್ಟೆಯ ಮುಂದೆ ನಿಂತೇ ಕೆಲಸ ಮುಗಿಯುತ್ತದೆ. ಆ ಹಳೆಯ ಕಷ್ಟ ಯಾರಿಗೂ ಮತ್ತೆ ಬೇಡ. ಆದರೆ ಅದರ ಜೊತೆಗೆ ತೊಡೆಗೆ, ತೋಳಿಗೆ, ಬೆನ್ನಿಗೆ ಸಿಗುತ್ತಿದ್ದ ಕಸರತ್ತೂ ಹೋಯಿತಲ್ಲ! ನಿಂತು ನಿಂತು ಕಾಲು ನೋಯುತ್ತದೆಯೇ ಹೊರತು ಕಾಲಿಗೆ ಬಲ ಬರುವುದಿಲ್ಲ.

ಮೂವತ್ತು ದಾಟಿದ ಮೇಲೆ ನಮ್ಮ ಮಾಂಸಖಂಡಗಳು ಸ್ವಲ್ಪ ಸ್ವಲ್ಪವಾಗಿ ಕರಗತೊಡಗುತ್ತವೆ. ಮುಟ್ಟು ನಿಂತ ಮೇಲೆ ಮೂಳೆಗಳೂ ಬೇಗ ಸವೆಯುತ್ತವೆ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಸಾಲದು, ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು ಎಂದಿದೆ. ಮಾತಾಡಬಹುದು ಆದರೆ ಹಾಡಲಾಗದು, ಅಷ್ಟು ಏದುಸಿರು ಬಂದರೆ ಅದು ಚುರುಕು ನಡಿಗೆ ಎಂದು ತಿಳಿಯಿರಿ.

ಗರಡಿಯಿಂದ ಜಿಮ್‌ವರೆಗೆ

ಶಕ್ತಿಯ ಪಂದ್ಯ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಕಡೆಯ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿಯಲ್ಲಿ ಸಾಮು ಮಾಡಿದವರು ದಸರಾ ಕುಸ್ತಿಗೆ ಇಳಿಯುತ್ತಿದ್ದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಕ್ಕೆ ಊರಿಗೆ ಊರೇ ಸೇರುತ್ತಿತ್ತು. ಹೆಂಗಸರ ಪಾಲಿಗೆ ಮಾತ್ರ ಬಂದದ್ದು ರಂಗೋಲಿ, ಲಿಂಬು-ಚಮಚ, ಸಂಗೀತ ಕುರ್ಚಿ!

ಜಗತ್ತಿನಲ್ಲೂ ಕಥೆ ಹೀಗೇ ಇತ್ತು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಭಾರ ಎತ್ತುವ ಸ್ಪರ್ಧೆ ಸೇರಿದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಅದೇ ವರ್ಷ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕ ಗೆದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. "ಅವರದು ಎಳೆ ವಯಸ್ಸು" ಎನ್ನುತ್ತೀರಾ? ಪಂಜಾಬಿನ ಮಾನ್ ಕೌರ್ ಓಟ ಶುರುಮಾಡಿದ್ದು ತೊಂಬತ್ತು ದಾಟಿದ ಮೇಲೆ. 2017ರಲ್ಲಿ, 101ನೇ ವಯಸ್ಸಿನಲ್ಲಿ, ಆಕ್ಲೆಂಡ್‌ನ ವಿಶ್ವ ಮಾಸ್ಟರ್ಸ್ ಕ್ರೀಡೆಗಳಲ್ಲಿ 100 ಮೀಟರ್ ಓಡಿ ಚಿನ್ನ ಪಡೆದರು.

ಈಗ ತಾಲ್ಲೂಕು ಊರುಗಳಲ್ಲೂ ಜಿಮ್‌ಗಳಿವೆ. ಹಲವು ಕಡೆ ಹೆಂಗಸರಿಗೆಂದೇ ಬೇರೆ ಸಮಯ ಇಟ್ಟಿರುತ್ತಾರೆ. ವಾರ್ಷಿಕೋತ್ಸವಕ್ಕೋ ಮಹಿಳಾ ದಿನಕ್ಕೋ ಊರಿನವರಿಗೆಲ್ಲ ಪಂದ್ಯ ಏರ್ಪಡಿಸುವುದೂ ಉಂಟು. ಒಂದು ನಿಮಿಷದಲ್ಲಿ ಎಷ್ಟು ಬಸ್ಕಿ, ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಎಷ್ಟು ಹೊತ್ತು, ಎರಡು ಕೈಯಲ್ಲಿ ಭಾರ ಹಿಡಿದು ಎಷ್ಟು ದೂರ ನಡಿಗೆ, ಸ್ಕಿಪ್ಪಿಂಗ್ ಎಷ್ಟು, ಇಂಥವೇ ಸಾಮಾನ್ಯ. ಇದರಲ್ಲಿ ಯಾವುದು ನಮಗೆ ಬಾರದ್ದು ಹೇಳಿ? ತುಂಬಿದ ಬಿಂದಿಗೆ ಹೊತ್ತವರಿಗೆ ಭಾರದ ನಡಿಗೆ ಹೊಸದೇ?

ತೂಕ ಇಳಿಸುವ ಪಂದ್ಯವಾದರೆ ಜೋಕೆ!

ಕೆಲವು ಕಡೆ ತಿಂಗಳೊಪ್ಪತ್ತಿನಲ್ಲಿ ಯಾರು ಹೆಚ್ಚು ಕಿಲೋ ಇಳಿಸುತ್ತಾರೋ ಅವರಿಗೆ ಬಹುಮಾನ. ಇಂಥದಕ್ಕೆ ಹೆಸರು ಕೊಡುವ ಮುನ್ನ ಹತ್ತು ಸಲ ಯೋಚಿಸಿ. ಗೆಲ್ಲುವ ಆತುರದಲ್ಲಿ ಊಟ ಬಿಟ್ಟರೆ, ನೀರು ಬಿಟ್ಟರೆ ತಕ್ಕಡಿಯ ಮುಳ್ಳು ಇಳಿಯುತ್ತದೆ, ನಿಜ. ಆದರೆ ಕರಗುವುದು ಕೊಬ್ಬು ಮಾತ್ರವಲ್ಲ, ಮೈಯ ನೀರು, ಮಾಂಸಖಂಡ ಎರಡೂ ಹೋಗುತ್ತವೆ. ಬಹಳ ಬೇಗ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಅದೇ ಸಾಕು. ಎಷ್ಟು ಇಳಿಸಿದಿರಿ ಎಂದು ಕೇಳುವ ಪಂದ್ಯಕ್ಕಿಂತ ಏನು ಮಾಡಬಲ್ಲಿರಿ ಎಂದು ಕೇಳುವ ಪಂದ್ಯ ಮೇಲು.

ಹೆಸರು ಬರೆಸುವ ಮುನ್ನ ಸಂಕೋಚವಿಲ್ಲದೆ ಕೆಲವು ವಿಷಯ ಕೇಳಿಬಿಡಿ. ವಯಸ್ಸಿಗೆ ತಕ್ಕ ವಿಭಾಗಗಳಿವೆಯೇ? ಕಲಿಸಲು ಹೆಂಗಸರು ಇದ್ದಾರೆಯೇ? ಬಸ್ಕಿ ಎಷ್ಟು ಆಳಕ್ಕೆ ಹೋದರೆ ಲೆಕ್ಕಕ್ಕೆ ಬರುತ್ತದೆ? ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಉಂಟೇ? ಮುಖ್ಯವಾಗಿ, ಫೋಟೋ ವಿಡಿಯೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆಯೇ? ನಿಮಗೆ ಇಷ್ಟವಿಲ್ಲದಿದ್ದರೆ ಮೊದಲೇ "ನನ್ನ ಫೋಟೋ ಹಾಕಬೇಡಿ" ಎಂದು ಬರೆದು ಕೊಡಿ. ಅದು ನಿಮ್ಮ ಹಕ್ಕು. ಜೊತೆಗೆ ಪುಡಿಯ ಡಬ್ಬಿ ಮಾರಲು ಬಂದರೆ ನಯವಾಗಿ ಬೇಡವೆನ್ನಿ.

ಮೊದಲು ಡಾಕ್ಟರ ಮಾತು

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಂಡಿ ನೋವು ಇರುವವರು, ಬಸುರಿಯರು, ಇತ್ತೀಚೆಗೆ ಹೆರಿಗೆಯಾದವರು, ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರಾ ಇಳಿಯಬಹುದು. ಕೈಚೀಲದಲ್ಲಿ ನಾಲ್ಕು ಚಮಚ ಸಕ್ಕರೆ ಇರಲಿ.

ಇನ್ನೊಂದು ಮಾತು, ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತ ಕಡಿಮೆ. ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುವುದನ್ನು "ವಯಸ್ಸಾಯ್ತು" ಎಂದು ತಳ್ಳಿಹಾಕುವವರೇ ಹೆಚ್ಚು. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ಈ ಸಲದ ಪಂದ್ಯ ಹೋಗಲಿ, ಮುಂದಿನ ಸಲ ಇದ್ದೇ ಇದೆ.

ಕುಣಿದಾಗ, ಸ್ಕಿಪ್ಪಿಂಗ್ ಆಡಿದಾಗ ಮೂತ್ರ ಹನಿಯುವ ತೊಂದರೆ ಮಕ್ಕಳಾದ ಬಹಳ ಹೆಂಗಸರಿಗುಂಟು. ಬಾಯಿ ಬಿಟ್ಟು ಹೇಳುವವರು ಕಡಿಮೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಆ ಮಾಂಸಖಂಡಗಳನ್ನು ಐದೆಣಿಕೆ ಬಿಗಿಹಿಡಿದು ಸಡಿಲಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೆಲವು ತಿಂಗಳಲ್ಲಿ ಹಲವರಿಗೆ ಗುಣ ಕಾಣುತ್ತದೆ. ಕಾಣದಿದ್ದರೆ ಡಾಕ್ಟರಿಗೆ ಹೇಳಿ, ಇದರಲ್ಲಿ ನಾಚಿಕೆ ಏನಿಲ್ಲ.

ಆರು ವಾರದ ತಯಾರಿ

ಮೊದಲ ಎರಡು ವಾರ: ದಿನಕ್ಕೆ 20 ನಿಮಿಷ ನಡಿಗೆ. ದಿನ ಬಿಟ್ಟು ದಿನ ಕುರ್ಚಿಯಿಂದ ಕೈ ಊರದೆ ಕುಳಿತು ಏಳುವುದು, 8ರಿಂದ 10 ಸಲ, ಎರಡು ಸರದಿ. ಗೋಡೆಗೆ ಅಂಗೈ ಒತ್ತಿ ಮೈಯನ್ನು ಮುಂದೆ ಹಿಂದೆ ತಳ್ಳುವುದು, ಅಷ್ಟೇ ಸಲ.

ಮೂರು ಮತ್ತು ನಾಲ್ಕನೇ ವಾರ: ಕುರ್ಚಿ ಬಿಟ್ಟು ಅರ್ಧ ಬಸ್ಕಿ. ಮಂಡಿಯೂರಿ ಪ್ಲ್ಯಾಂಕ್, 10 ಸೆಕೆಂಡಿನಿಂದ ಶುರು. ಎರಡು ಕೈಚೀಲಗಳಲ್ಲಿ ಎರಡೆರಡು ಕಿಲೋ ಅಕ್ಕಿ ಹಾಕಿ ಹಜಾರದಲ್ಲಿ ನಡೆದಾಡಿ. ವಾರಕ್ಕೊಮ್ಮೆ ಸ್ವಲ್ಪ ಭಾರ ಏರಿಸಿ.

ಐದನೇ ವಾರ: ಜಿಮ್‌ನಲ್ಲಿ ಪಂದ್ಯದ ನಿಯಮದಂತೆಯೇ ಒಂದು ಸಲ ಮಾಡಿ ನೋಡಿ. ಎಲ್ಲಿ ಕಷ್ಟ ಎಂದು ಗೊತ್ತಾಗುತ್ತದೆ.

ಆರನೇ ವಾರ: ಅರ್ಧಕ್ಕೆ ಇಳಿಸಿ. ಪಂದ್ಯದ ಹಿಂದಿನ ಎರಡು ದಿನ ಬರೀ ನಡಿಗೆ, ಚೆನ್ನಾಗಿ ನಿದ್ದೆ.

ಉಸಿರು ಕಟ್ಟಬೇಡಿ, ಏಳುವಾಗ ಉಸಿರು ಹೊರಗೆ, ಇಳಿಯುವಾಗ ಒಳಗೆ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಇಟ್ಟುಕೊಂಡು ಏಳಿ. ಇದು ಗ್ಯಾಸ್ ಸಿಲಿಂಡರ್‌ಗೂ ಅನ್ವಯ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆಂಬುದು ನೆನಪಿರಲಿ.

ಊಟ, ಉಪವಾಸ, ಉಸಲಿ

55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಮನೆಯವರೆಲ್ಲ ಉಂಡ ಮೇಲೆ ಉಳಿದ ಅನ್ನಕ್ಕೆ ತಿಳಿಸಾರು ಸುರಿದುಕೊಂಡರೆ ಅದು ಎಲ್ಲಿಂದ ಬರಬೇಕು? ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 23 ಗ್ರಾಂ ಇದೆ. ಸಾರಿನ ತಳದ ಬೇಳೆ ನಿಮ್ಮ ತಟ್ಟೆಗೂ ಬೀಳಲಿ!

ಹೆಸರುಕಾಳು-ಶೇಂಗಾ ಉಸಲಿ: ಮೊಳಕೆ ಬರಿಸಿದ ಹೆಸರುಕಾಳು ಎರಡು ಬಟ್ಟಲು, ನೆನೆಸಿ ಬೇಯಿಸಿದ ಶೇಂಗಾ ಅರ್ಧ ಬಟ್ಟಲು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸು, ಇಂಗು ಒಗ್ಗರಣೆ ಹಾಕಿ. ಹೆಸರುಕಾಳು, ಉಪ್ಪು, ಚಿಟಿಕೆ ಅರಿಸಿನ ಸೇರಿಸಿ, ನೀರು ಚಿಮುಕಿಸಿ, ಮುಚ್ಚಿ ಐದಾರು ನಿಮಿಷ ಬೇಯಿಸಿ. ಶೇಂಗಾ, ಕಾಯಿತುರಿ ಹಾಕಿ ಇಳಿಸಿ ನಿಂಬೆರಸ ಹಿಂಡಿ. ನಿಂಬೆಯ ಹುಳಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯಕ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದು ಹತ್ತದು. ಒಂದು ಗಂಟೆ ತಡೆದು ಕುಡಿಯಿರಿ.

ಪಂದ್ಯದ ದಿನ ಸಂಕಷ್ಟಿಯೋ ಏಕಾದಶಿಯೋ ಬಂದರೆ ಉಪವಾಸ, ಪಂದ್ಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡು ಗಂಟೆ ಮೊದಲು ಎರಡು ಇಡ್ಲಿಯೋ ಅವಲಕ್ಕಿಯೋ ತಿನ್ನಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಸಡಿಲ ಚೂಡಿದಾರ ಸಾಕು, ದುಪ್ಪಟ್ಟ ತೆಗೆದಿಡಿ. ಕಾಲಿಗೆ ಹಿಡಿಯುವ ಶೂ ಇರಲಿ. ಉದ್ದ ಸರ, ಗಾಜಿನ ಬಳೆ ಮನೆಯಲ್ಲಿರಲಿ. ಮುಟ್ಟಿನ ದಿನವಾದರೆ ಮೈ ಹಗುರಾಗಿದ್ದಲ್ಲಿ ಭಾಗವಹಿಸಲು ಅಡ್ಡಿಯಿಲ್ಲ. ಎದೆ ನೋವು, ತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ವಾಕರಿಕೆಯೊಂದಿಗೆ ತಣ್ಣನೆಯ ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಬಹುಮಾನಕ್ಕಿಂತ ಜೀವ ದೊಡ್ಡದು.

ಮನೆಯವರು ಏನಂತಾರೆ?

"ಈ ವಯಸ್ಸಲ್ಲಿ ಎಲ್ಲರ ಮುಂದೆ ಬಸ್ಕಿ ಹೊಡೀತೀಯಾ?" ಎಂಬ ಮಾತು ಬಂದೇ ಬರುತ್ತದೆ. ಜಗಳ ಬೇಡ. ನಮ್ಮ ಪರಿಚಯದ ನಲವತ್ತೇಳರ ಗೃಹಿಣಿಯೊಬ್ಬರು ಅತ್ತೆಯವರನ್ನೇ ಜೊತೆಗೆ ಕೂರಿಸಿಕೊಂಡರು. "ಅತ್ತೆ, ನೀವು ಎಣಿಸಿ, ನಾನು ಮಾಡ್ತೀನಿ" ಎಂದರು. ಮೂರನೇ ವಾರಕ್ಕೆ ಅತ್ತೆಯೂ ಕುರ್ಚಿಯಿಂದ ಕೈ ಊರದೆ ಏಳಲು ಶುರುಮಾಡಿದರಂತೆ! ಸೊಸೆಗೆ ಪಂದ್ಯದಲ್ಲಿ ಬಹುಮಾನ ಬರಲಿಲ್ಲ. ಆದರೆ ಎಪ್ಪತ್ತೆರಡರ ಅತ್ತೆ ಈಗ ಬಚ್ಚಲಿಗೆ ಹೋಗಲು ಯಾರ ಕೈಯನ್ನೂ ಹಿಡಿಯುವುದಿಲ್ಲ. ಯಾವ ಕಪ್ಪು ಇದಕ್ಕೆ ಸಮ?

ಒಬ್ಬರೇ ಹೋಗಲು ಅಳುಕಾದರೆ ಓಣಿಯ ನಾಲ್ವರು ಸೇರಿ ಹೆಸರು ಕೊಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇವತ್ತು ಎಷ್ಟು ಸಲ ಕುಳಿತು ಎದ್ದಿರಿ ಎಂದು ಬರೆದಿಡಿ. ಆರು ವಾರದ ನಂತರ ಎರಡು ಅಂಕಿಗಳನ್ನು ಪಕ್ಕಪಕ್ಕ ನೋಡಿ. ಪಂದ್ಯ ಮುಗಿದ ಮೇಲೂ ವಾರಕ್ಕೆ ಆ ಎರಡು ದಿನ ಬಿಡಬೇಡಿ.