ನಿಮಗಿದು ಗೊತ್ತೆ? ಒಳಗೇ ಬಿಗಿಯುವ ಪೊರೆ

● ದೇಹದೊಳಗೆ ಹೊರಗಿನ ವಸ್ತು ಇಟ್ಟರೆ ಅದರ ಸುತ್ತ ತೆಳುವಾದ ಪೊರೆ ಕಟ್ಟುವುದು ಸಹಜ. ಪೇಸ್‌ಮೇಕರ್‌ಗೂ ಅಷ್ಟೇ, ಸ್ತನದ ಇಂಪ್ಲಾಂಟ್‌ಗೂ ಅಷ್ಟೇ.

● ಈ ಪೊರೆ ದಪ್ಪಗಾಗಿ ಕುಗ್ಗಿದರೆ ಇಂಪ್ಲಾಂಟನ್ನು ಹಿಂಡುತ್ತದೆ. ಇದೇ ‘ಕ್ಯಾಪ್ಸುಲರ್ ಕಾಂಟ್ರ್ಯಾಕ್ಚರ್’.

● ಬೇಕರ್ ಮಾಪನದಲ್ಲಿ ಇದಕ್ಕೆ 4 ಹಂತ: ಮೊದಲನೆಯದರಲ್ಲಿ ಸ್ತನ ಮೃದು, ಎರಡರಲ್ಲಿ ತುಸು ಬಿಗಿ, ಮೂರರಲ್ಲಿ ಗಟ್ಟಿಯಾಗಿ ಆಕಾರ ಬದಲು, ನಾಲ್ಕರಲ್ಲಿ ನೋವೂ ಜೊತೆಗೆ.

● ಸೋಂಕು, ಒಳಗೆ ರಕ್ತ ಶೇಖರಣೆ, ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆ ಅಪಾಯ ಹೆಚ್ಚಿಸುತ್ತವೆ. ತೀವ್ರವಾದರೆ ಪೊರೆ ತೆಗೆದು ಇಂಪ್ಲಾಂಟ್ ಬದಲಿಸಬೇಕಾಗಬಹುದು.

● ಮೊದಲ ಸಿಲಿಕೋನ್ ಸ್ತನ ಇಂಪ್ಲಾಂಟ್ ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಇಂಪ್ಲಾಂಟ್ ಇರುವ ಸ್ತನ ಗಟ್ಟಿ ಅನಿಸಿದರೆ ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿಕೊಳ್ಳಿ.